ದಿನದ ಕೊಳಗ ದೊಡ್ಡದು ಮಾಡಬೇಡಿ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ,

ಶಿವಮೊಗ್ಗದಿಂದ ನಮಸ್ಕಾರ.

ನಾನು ಗಾಂಧಿ ಬಜಾರ್ ಕಡೆ ಒಂದು ಬಟ್ಟೆ ಅಂಗಡಿ ನಡೆಸುತ್ತೇನೆ. ಅಪ್ಪ ಶುರು ಮಾಡಿದ ಅಂಗಡಿ, ಈಗ ನನ್ನ ಕೈಗೆ ಬಂದಿದೆ. ಕೆಲಸಕ್ಕೆ ಏಳು ಜನ ಇದ್ದಾರೆ, ಅದರಲ್ಲಿ ಐವರು ಹೆಣ್ಣುಮಕ್ಕಳು. ಅಂದರೆ ಈ ಪತ್ರ ಬರೆಯುತ್ತಿರುವವಳು ಸಂಬಳ ಕೊಡುವವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಕೆಲಸದ ಅವಧಿ ಹೆಚ್ಚಿಸಿದರೆ ನಮ್ಮಂಥವರಿಗೆ ಅನುಕೂಲ ಎಂದು ನಿಮ್ಮ ಇಲಾಖೆ ತಿಳಿದಂತಿದೆ. ನನಗಂತೂ ಆ ಅನುಕೂಲ ಬೇಡ.

2025ರ ಜೂನ್‌ನಲ್ಲಿ ನಿಮ್ಮ ಇಲಾಖೆ ಒಂದು ಪ್ರಸ್ತಾವ ಮುಂದಿಟ್ಟಿತ್ತು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ ಎಂದು ಇರುವುದನ್ನು 10 ಮಾಡುವುದು, ಓವರ್‌ಟೈಮ್ ಸೇರಿ 10 ಗಂಟೆ ಮೀರಬಾರದು ಎಂದಿರುವುದನ್ನು 12 ಮಾಡುವುದು, ಮೂರು ತಿಂಗಳಿಗೆ 50 ಗಂಟೆ ಇದ್ದ ಓವರ್‌ಟೈಮ್ ಮಿತಿಯನ್ನು 144ಕ್ಕೆ ಏರಿಸುವುದು. ಅದಕ್ಕೂ ಹಿಂದಿನ ವರ್ಷ ಐಟಿಯವರಿಗೆ 14 ಗಂಟೆಯ ದಿನ ಅನ್ನೋ ಮಾತು ಎದ್ದು, ಗದ್ದಲವಾಗಿ ಕೂತಿತ್ತು. ಈಗ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಕೆಲಸದ ಹೊತ್ತಿನ ಮಾತು ಮತ್ತೆ ಮೇಜಿನ ಮೇಲೆ ಬಂದೇ ಬರುತ್ತದೆ. ಹಾಗಾಗಿ ಈಗಲೇ ಬರೆಯುತ್ತಿದ್ದೇನೆ.

ವಾರದ 48 ಗಂಟೆ ಹಾಗೇ ಇರುತ್ತೆ, ಹೆದರಬೇಡಿ ಅಂತ ಅಧಿಕಾರಿಗಳು ಹೇಳುತ್ತಾರೆ. ನಾವು ಅಂಗಡಿಯವರು, ಲೆಕ್ಕ ಮಾಡದೆ ಬಿಡಲ್ಲ. ಮೂರು ತಿಂಗಳೆಂದರೆ 13 ವಾರ. 144ನ್ನು ಅದಕ್ಕೆ ಹಂಚಿದರೆ ವಾರಕ್ಕೆ 11 ಗಂಟೆ. 48ಕ್ಕೆ 11 ಸೇರಿಸಿದರೆ 59. ಈಗಿನ 50 ಗಂಟೆಯ ಮಿತಿಯಲ್ಲಿ ವಾರಕ್ಕೆ ನಾಲ್ಕು ಗಂಟೆಯೂ ಹೆಚ್ಚಾಗುವುದಿಲ್ಲ. ಓವರ್‌ಟೈಮ್ ಅಂದರೆ ಹಬ್ಬದ ಹಿಂದಿನ ದಿನ, ಸ್ಟಾಕ್ ಎಣಿಸುವ ದಿನ, ಮದುವೆ ಸೀಸನ್ನಿನ ನಾಲ್ಕು ದಿನ. ಆರು ದಿನವೂ ಹೆಚ್ಚುಕಡಿಮೆ ಎರಡೆರಡು ಗಂಟೆ ಜಾಸ್ತಿ ನಿಲ್ಲಿಸಿಕೊಂಡರೆ ಅದನ್ನು ಓವರ್‌ಟೈಮ್ ಅಂತ ಯಾರು ಕರೀತಾರೆ?

ನಮ್ಮ ಜಿಲ್ಲೆಯಲ್ಲಿ ಅಳತೆಯ ಮಾತು ಬಂದರೆ ಕಾಗೋಡು ನೆನಪಾಗುತ್ತದೆ. 1951ರಲ್ಲಿ ಸಾಗರ ತಾಲ್ಲೂಕಿನ ಆ ಊರಿನ ಗೇಣಿದಾರರು ಎದ್ದು ನಿಂತದ್ದು ಗೇಣಿ ಭತ್ತ ಅಳೆಯುವ ಕೊಳಗದ ವಿಚಾರಕ್ಕೆ. ಮೂರು ಸೇರಿನ ಕೊಳಗ ಅನ್ನುವ ಕಡೆ ಭೂಮಾಲೀಕರು ಅದಕ್ಕಿಂತ ಹೆಚ್ಚು ಹಿಡಿಯುವ ಕೊಳಗ ಇಟ್ಟರೆ ಒಂದೊಂದು ಅಳತೆಯಲ್ಲಿ ಹೋಗುವುದು ಸ್ವಲ್ಪವೇ. ಕಣ ಗುಡಿಸುವಾಗ ನೋಡಿದರೆ ಮೂಟೆಗಟ್ಟಲೆ ಹೋಗಿರುತ್ತದೆ. ಗಣಪತಿಯಪ್ಪನವರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಬಂಧನಕ್ಕೊಳಗಾದರು. ಒಂದು ಕೊಳಗಕ್ಕೆ ಇಷ್ಟೆಲ್ಲ ಯಾಕೆ ಅಂತ ಆಗಲೂ ಕೆಲವರು ಕೇಳಿರಬಹುದು. ದಿನಕ್ಕೆ ಒಂದೇ ಗಂಟೆ ತಾನೆ ಅಂತ ಈಗ ಕೇಳುವವರಿಗೂ ನನ್ನ ಉತ್ತರ ಕಾಗೋಡೇ.

ಸರಿ, ಆ ಹತ್ತನೇ ಗಂಟೆಯಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ.

ಅಡಿಕೆ ಮಾರಿ ಕೈಗೆ ದುಡ್ಡು ಬಂದ ಮೇಲೆ ನಮ್ಮಲ್ಲಿ ಮದುವೆ ಜವಳಿ ವ್ಯಾಪಾರ. ಹಳ್ಳಿಯಿಂದ ಗಾಡಿ ಮಾಡಿಕೊಂಡು ಮನೆಮಂದಿಯೆಲ್ಲ ಬರುತ್ತಾರೆ. ಬರುವ ಹೊತ್ತಿಗೇ ಸಂಜೆ. ಅತ್ತೆಗೊಂದು, ಸೋದರತ್ತೆಗೊಂದು, ಧಾರೆಗೆ ಬೇರೆ ಅಂತ ನಲವತ್ತು ಐವತ್ತು ಸೀರೆ ಬಿಚ್ಚಿಸಿ, ಆರು ತಗೊಂಡು ಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಮದುವೆ ಅಂದ ಮೇಲೆ ನೋಡಲೇಬೇಕು. ಅವರು ಹೋದ ಮೇಲೆ ಬಿಚ್ಚಿದ್ದನ್ನೆಲ್ಲ ಮಡಿಸಬೇಕಲ್ಲ. ಒಬ್ಬಳು ಸೆರಗಿನ ತುದಿ ಹಿಡೀಬೇಕು, ಇನ್ನೊಬ್ಬಳು ಅಂಚಿಗೆ ಅಂಚು ಕೂರಿಸಬೇಕು. ಹಳೇ ಮಡಿಕೆಯ ಗೆರೆ ಮೇಲೇ ಮಡಿಕೆ ಬೀಳಬೇಕು, ಇಲ್ಲದಿದ್ದರೆ ರೇಷ್ಮೆಗೆ ಗುರುತು ಬೀಳುತ್ತದೆ. ಬೆಳಿಗ್ಗೆಯಿಂದ ನಿಂತ ಕಾಲು, ಬಳಲಿದ ಕೈ. ಉಗುರು ಜರಿಗೆ ತಾಗಿ ಎಳೆ ಬಂದರೆ ಮುಗೀತು, ಆ ಸೀರೆ ಆಷಾಢದ ಡಿಸ್ಕೌಂಟ್ ರಾಶಿಗೆ. ನನ್ನ ಅಂಗಡಿಯಲ್ಲಿ ಹಾಳಾಗುವ ಮಾಲು ಹಾಳಾಗುವುದು ಹೆಚ್ಚಾಗಿ ಆ ಹೊತ್ತಲ್ಲೇ. ಬಿಲ್ ತಪ್ಪುವುದೂ ಆಗಲೇ. ಅವಧಿ ಹೆಚ್ಚಿದರೆ ಉತ್ಪಾದನೆ ಹೆಚ್ಚುತ್ತೆ ಅನ್ನುವವರು ಒಂದು ಸಂಜೆ ನಮ್ಮ ಕೌಂಟರ್ ಹಿಂದೆ ನಿಂತು ನೋಡಲಿ.

ನಿಲ್ಲುವ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಗಿರಾಕಿ ಇಲ್ಲದಾಗ ಅಂಗಡಿ ಕೆಲಸದವರಿಗೆ ಕೂರುವ ಹಕ್ಕಿದೆ ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಿಗೆ ಸೇರಿಸಿದವು. ಒಂದು ಸ್ಟೂಲಿನ ವಿಷಯ. ನಮ್ಮ ಕಾಯ್ದೆಗೆ ಕೈ ಹಾಕುವುದೇ ಆದರೆ ಇಲ್ಲಿಂದ ಶುರು ಮಾಡಬಹುದಲ್ವಾ?

ಇನ್ನು ಬಸ್ಸು. ಬೆಂಗಳೂರಿನಲ್ಲಿ ಕೂತು ಗಂಟೆ ಲೆಕ್ಕ ಹಾಕುವವರಿಗೆ ಇದು ಹೊಳೆಯುವುದೇ ಇಲ್ಲ. ನಮ್ಮಲ್ಲಿ ಕೆಲಸಕ್ಕೆ ಬರುವವರು ಆಯನೂರು, ಕುಂಸಿ, ಗಾಜನೂರು, ಮಂಡಗದ್ದೆ ಕಡೆಯವರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಪೇಟೆಗೆ ಕೆಲಸಕ್ಕೆ ಬರುವ ಧೈರ್ಯ ಮಾಡಿದ ಹೆಣ್ಣುಮಕ್ಕಳು ಇದ್ದಾರೆ, ಅದು ಒಳ್ಳೆಯದೇ ಆಯಿತು. ಆದರೆ ಮಲೆನಾಡಿನ ಒಳದಾರಿಗಳಲ್ಲಿ ಇವತ್ತಿಗೂ ಖಾಸಗಿ ಬಸ್ಸುಗಳೇ ಜಾಸ್ತಿ. ಅಲ್ಲಿ ಶಕ್ತಿಯೂ ಇಲ್ಲ, ರಾತ್ರಿ ಟ್ರಿಪ್ಪೂ ಇಲ್ಲ. ಕೊನೇ ಬಸ್ಸು ತಪ್ಪಿದರೆ ಅಣ್ಣನೋ ಅಪ್ಪನೋ ಬೈಕ್ ತಗೊಂಡು ಬರಬೇಕು. ಅದೂ ಪುನರ್ವಸು, ಪುಷ್ಯ ಮಳೆ ಹೊಡೆಯುವಾಗ ಕಾಡಿನ ರಸ್ತೆಯಲ್ಲಿ. ಎರಡು ಸಲ ಹಾಗಾದರೆ ಮೂರನೇ ಸಲ ಮನೆಯಲ್ಲಿ ಹೇಳುವುದು ಒಂದೇ ಮಾತು: ಸಾಕು, ಕೆಲಸ ಬಿಡು. ಆ ಹುಡುಗಿ ಬಿಡುತ್ತಾಳೆ. ಕಾನೂನಿನ ಲೆಕ್ಕಕ್ಕೆ ಅದು ಬರುವುದೇ ಇಲ್ಲ.

ಈಗಿನ ಹುಡುಗರಿಗೆ ದುಡಿಯುವ ಮನಸ್ಸಿಲ್ಲ ಅನ್ನುವ ಮಾತಿಗೆ ಬರುತ್ತೇನೆ. ದೊಡ್ಡವರೇ ಹೇಳಿದ್ದಾರಲ್ಲ. 2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ಅಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿಯ ಸುಬ್ರಹ್ಮಣ್ಯನ್ ಅವರು 90ಕ್ಕೆ ಏರಿಸಿದರು. ನಮ್ಮ ಅಪ್ಪನಿಗೆ ಇಬ್ಬರ ಮಾತೂ ಹಿಡಿಸಿತು. ಎಂಬತ್ತು ದಾಟಿದರೂ ದಿನಾ ಬಂದು ಗಲ್ಲಾದ ಹತ್ತಿರ ಕೂರುವವರು ಅವರು. "ನಾವೆಲ್ಲ ಗಡಿಯಾರ ನೋಡಿ ಕೆಲಸ ಮಾಡಿದವರಲ್ಲ ಕಣೇ" ಅಂತ ಹೇಳುತ್ತಲೇ ಇರುತ್ತಾರೆ.

ಅದು ನಿಜವೂ ಹೌದು. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ರಾತ್ರಿ ಒಂಬತ್ತರವರೆಗೆ ಅಂಗಡಿಯಲ್ಲೇ ಇರುತ್ತಿದ್ದರು. ಆದರೆ ಅಂಗಡಿ ಮುಂದೆ, ಮನೆ ಹಿಂದೆ. ಮಧ್ಯಾಹ್ನ ಒಳಗೆ ಹೋಗಿ ಬಿಸಿ ಊಟ, ಅರ್ಧ ಗಂಟೆ ನಿದ್ದೆ. ಮಳೆಗಾಲದಲ್ಲಿ ಸೋನೆ ಹಿಡಿದರೆ ಗಿರಾಕಿಯೇ ಇಲ್ಲ, ಪಕ್ಕದಂಗಡಿಯವರ ಜೊತೆ ಇಸ್ಪೀಟು. ಆ ಹದಿನಾಲ್ಕು ಗಂಟೆಯೊಳಗೆ ಮನೆಯೂ ಇತ್ತು, ಹರಟೆಯೂ ಇತ್ತು. ಅಮ್ಮನ ದುಡಿಮೆಯನ್ನಂತೂ ಯಾರೂ ಗಂಟೆಯಲ್ಲಿ ಎಣಿಸಲಿಲ್ಲ. ಅಪ್ಪ ಗಡಿಯಾರ ನೋಡದೆ ದುಡಿಯೋಕೆ ಆದದ್ದು ಅಮ್ಮ ಗಡಿಯಾರ ನೋಡಿಕೊಂಡು ಮಕ್ಕಳನ್ನು ಸ್ಕೂಲಿಗೆ ಕಳಿಸುತ್ತಿದ್ದರಿಂದ. ಇದನ್ನು ಅಪ್ಪನಿಗೆ ಹೇಳಿದೆ. ನಕ್ಕು ಸುಮ್ಮನಾದರು, ಒಪ್ಪಿದರು ಅಂತ ಹೇಳಲಾರೆ.

ತೋಟದವರದ್ದೂ ಅಷ್ಟೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಮಲೆನಾಡಿನ ಮನೆಗಳಲ್ಲಿ ನಿದ್ದೆ ಇರುವುದಿಲ್ಲ. ಕೊನೆ, ಅಂದರೆ ಅಡಿಕೆ ಗೊನೆ, ಇಳಿಸಬೇಕು, ರಾತ್ರಿ ಕೂತು ಸುಲಿಯಬೇಕು, ಹಂಡೆಯಲ್ಲಿ ಬೇಯಿಸಬೇಕು, ಬೆಳಿಗ್ಗೆ ಅಟ್ಟಕ್ಕೆ ಹರವಬೇಕು. ಮೈಮುರಿಯುವ ಕೆಲಸ. ಆದರೆ ಅದು ಮುಗಿಯುವ ಕೆಲಸ. ತೋಟದಲ್ಲಿ ಕೊನೆ ಖಾಲಿಯಾದರೆ ಖಾಲಿ. ಅತ್ತ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ, ಕಾಗದ ಕಾರ್ಖಾನೆ ಜೋರಾಗಿದ್ದಾಗ ಪಾಳಿ ಮುಗಿದರೆ ಮನುಷ್ಯ ಮನೆಗೆ. ಕಬ್ಬಿಣ ಕಾಯಿಸುವವರಿಗೇ ದಿನಕ್ಕೊಂದು ಮಿತಿ ಇತ್ತು. ಸೀರೆ ತೋರಿಸುವವರಿಗೆ, ಕಂಪ್ಯೂಟರ್ ಒತ್ತುವವರಿಗೆ ಬೇಡವೇ?

ತೀರ್ಥಹಳ್ಳಿ ಕಡೆ ನಮ್ಮ ಅಣ್ಣನ ಮಗ ಇದ್ದಾನೆ. ಕೋವಿಡ್‌ನಲ್ಲಿ ಊರಿಗೆ ಬಂದವನು ಬೆಂಗಳೂರಿನ ಕಂಪನಿ ಕೆಲಸವನ್ನು ಮನೆಯಿಂದಲೇ ಮಾಡುತ್ತಾನೆ. ಸೊಸೈಟಿಗೆ ಹೋಗಿ ಬರುತ್ತಾನೆ, ತೋಟಕ್ಕೆ ಔಷಧಿ ಹೊಡೆಸುತ್ತಾನೆ, ಎಲ್ಲ ಸರಿ. ರಾತ್ರಿ ಊಟದ ಎಲೆ ಹಾಕಿದಾಗಲೇ ಅಮೆರಿಕದವರ ಕರೆ. ಅತ್ತಿಗೆ ಸಾರು ಬಿಸಿ ಮಾಡುವುದು, ಮತ್ತೆ ಆರುವುದು, ಮತ್ತೆ ಬಿಸಿ ಮಾಡುವುದು. ಆಫೀಸ್ ಹೊತ್ತು ಮುಗಿದ ಮೇಲೆ ಫೋನ್ ತೆಗೆಯದಿರುವ ಹಕ್ಕು ಫ್ರಾನ್ಸ್‌ನಲ್ಲಿ 2017ರಿಂದ ಇದೆ, ಆಸ್ಟ್ರೇಲಿಯಾದಲ್ಲಿ 2024ರಲ್ಲಿ ಬಂತು. ಲೋಕಸಭೆಯಲ್ಲಿ ಸುಪ್ರಿಯಾ ಸುಳೆ ಅವರು ಇದಕ್ಕೆ ಖಾಸಗಿ ಮಸೂದೆ ಮಂಡಿಸಿದ್ದಾರೆ. ಐಟಿಯ ರಾಜಧಾನಿ ಅಂತ ಹೆಮ್ಮೆಪಡುವ ರಾಜ್ಯ ಈ ವಿಷಯದಲ್ಲಿ ಯಾರನ್ನೂ ಕಾಯಬೇಕಿಲ್ಲ.

ಕಳೆದ ವರ್ಷ ಕೆಲಸ ಕೇಳಿಕೊಂಡು ಬಂದ ಬಿಕಾಂ ಹುಡುಗಿಯೊಬ್ಬಳು ಸಂಬಳಕ್ಕೂ ಮೊದಲು ಕೇಳಿದ್ದು, "ಮೇಡಂ, ಸಂಜೆ ಎಷ್ಟೊತ್ತಿಗೆ ಬಿಡ್ತೀರಿ?" ಅಂತ. ಅಪ್ಪನಿಗೆ ಕೋಪ ಬಂತು. ನನಗೆ ಅವಳು ಇಷ್ಟವಾದಳು. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ, ಮನೆಯಲ್ಲಿ ಎರಡು ಎಮ್ಮೆ ಇವೆ, ಅಜ್ಜಿಗೆ ಮಾತ್ರೆ ಕೊಡಬೇಕು. ಅವಳ ದಿನದಲ್ಲಿ ನನ್ನ ಅಂಗಡಿ ಒಂದು ಭಾಗ ಅಷ್ಟೆ. ಒಳಗಿರುವಷ್ಟು ಹೊತ್ತು ಅವಳಷ್ಟು ಚುರುಕಾಗಿ ಗಿರಾಕಿ ನೋಡಿಕೊಳ್ಳುವವರು ನನ್ನಲ್ಲಿ ಇನ್ನೊಬ್ಬರಿಲ್ಲ. ನಾಳೆ ಪರೀಕ್ಷೆ ಪಾಸಾದರೆ ಬಿಟ್ಟು ಹೋಗುತ್ತಾಳೆ, ಹೋಗಲಿ. ಅಂಗಡಿಗೆ ನಿಷ್ಠೆ ಇಲ್ಲ ಅಂತ ದೂರುವ ನನ್ನ ವ್ಯಾಪಾರಿ ಸ್ನೇಹಿತರಿಗೆ ಒಂದು ಮಾತು: ಪಿಂಚಣಿ ಇಲ್ಲ, ರಜೆ ಕೊಡೋಕೆ ಮುಖ ಸಿಂಡರಿಸುತ್ತೀವಿ, ನಿಷ್ಠೆ ಮಾತ್ರ ಪೂರ್ತಿ ಬೇಕು ಅಂದ್ರೆ ಹೇಗೆ?

ಅದೇ ಪ್ರಸ್ತಾವದಲ್ಲಿ ಹತ್ತಕ್ಕಿಂತ ಕಡಿಮೆ ಜನ ಇರುವ ಅಂಗಡಿಗಳನ್ನು ಕಾಯ್ದೆಯ ಕಟ್ಟುಪಾಡಿನಿಂದ ಬಿಡುವ ಮಾತೂ ಇತ್ತು ಎಂದು ಓದಿದೆ. ಅಂದರೆ ನನ್ನ ಅಂಗಡಿಯನ್ನು ಕೇಳುವವರೇ ಇರುವುದಿಲ್ಲ. ಶಿವಮೊಗ್ಗದ ಬೀದಿಯಲ್ಲಿ ಒಮ್ಮೆ ನಡೆದು ನೋಡಿ, ಹತ್ತು ಜನ ಇರುವ ಅಂಗಡಿ ಎಷ್ಟು ಸಿಗುತ್ತವೆ ಅಂತ. ರಿಜಿಸ್ಟರ್ ಕಡಿಮೆ ಮಾಡಿ, ಲೈಸೆನ್ಸ್ ಅಲೆದಾಟ ತಪ್ಪಿಸಿ, ಕೈ ಮುಗಿಯುತ್ತೇನೆ. ಆದರೆ ವಾರದ ರಜೆ, ದಿನದ ಮಿತಿ, ಓವರ್‌ಟೈಮ್‌ಗೆ ಎರಡು ಪಟ್ಟು ಕೂಲಿ, ಈ ಮೂರರಿಂದ ನಮ್ಮನ್ನು ಬಿಡಬೇಡಿ. ನಾನು ಎಂಟಕ್ಕೆ ಬಿಟ್ಟು, ಎದುರಿನ ಅಂಗಡಿ ಹತ್ತರವರೆಗೆ ನಿಲ್ಲಿಸಿಕೊಂಡರೆ ಕೊನೆಗೆ ನಾನೂ ಹತ್ತಕ್ಕೇ ಬರಬೇಕಾಗುತ್ತದೆ. ಎಲ್ಲರಿಗೂ ಒಂದೇ ನಿಯಮ ಇದ್ದರೆ ಗಿರಾಕಿಯೂ ಬೇಗ ಬರುವುದನ್ನು ಕಲಿಯುತ್ತಾನೆ.

ಮುಂದಿನ ಸಲ ಈ ವಿಷಯಕ್ಕೆ ಅಭಿಪ್ರಾಯ ಕೇಳುವ ಸಭೆ ಕರೆದರೆ ಒಂದನ್ನು ಶಿವಮೊಗ್ಗದಲ್ಲಿ ಇಡಿ. ರಾತ್ರಿ ಬೇಡ, ಬಸ್ಸಿಲ್ಲ. ಭಾನುವಾರವೂ ಬೇಡ, ಅವರಿಗಿರುವುದು ಅದೊಂದೇ ರಜೆ. ವಾರದ ನಡುವೆ, ಮಧ್ಯಾಹ್ನ ಎರಡರಿಂದ ನಾಲ್ಕು ನಮ್ಮಲ್ಲಿ ವ್ಯಾಪಾರ ಕಡಿಮೆ. ನನ್ನ ಏಳು ಜನರನ್ನೂ ಕಳಿಸುತ್ತೇನೆ, ಸಂಬಳ ಹಿಡಿಯುವುದಿಲ್ಲ. ಆ ಎರಡು ಗಂಟೆ ಗಲ್ಲಾ ಅಪ್ಪ ನೋಡಿಕೊಳ್ಳುತ್ತಾರೆ.

ಇಂತಿ,
ಶಿವಮೊಗ್ಗದ ಒಬ್ಬ ಬಟ್ಟೆ ವ್ಯಾಪಾರಿ