ಕೈಗಾದ ಶಿಫ್ಟ್ ಪಟ್ಟಿಯಲ್ಲಿ ನನ್ನ ಹೆಸರು ಬಂತು

ಹೋದ ವಾರ ಕೈಗಾ ಅಣುವಿದ್ಯುತ್ ಕೇಂದ್ರದ ಶಿಫ್ಟ್ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಹೆಸರಿನ ಮುಂದೆ ಇನ್ನು ಟ್ರೈನಿ ಅಂತ ಇಲ್ಲ, ಫೀಲ್ಡ್ ಆಪರೇಟರ್ ಅಂತ ಇದೆ. ತರಗತಿ, ಚೆಕ್‌ಲಿಸ್ಟ್, ವಾಕ್‌ಥ್ರೂ, ಕೊನೆಗೆ ಸಂದರ್ಶನ, ಎಲ್ಲ ಮುಗಿಯಿತು. ಫೋನ್ ಮಾಡಿದವರಿಗೆಲ್ಲ ಸರಿಯಾಗಿ ಮಾತಾಡಲು ಆಗಲಿಲ್ಲ. ಹಾಗಾಗಿ ಹೇಳಬೇಕಾದ್ದನ್ನು ಇಲ್ಲೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಶಿಫ್ಟಿನ ಹಿರಿಯರಿಗೆ. ಕೈಗಾದ 1ನೇ ಘಟಕ 2018ರ ಡಿಸೆಂಬರ್ 31ಕ್ಕೆ ಸತತ 962 ದಿನ ಓಡಿ ಆಗಿನ ವಿಶ್ವದಾಖಲೆ ಮಾಡಿತಲ್ಲ, ಆ ದಿನಗಳಲ್ಲಿ ಇಲ್ಲಿ ರೌಂಡ್ ಹೊಡೆದವರೇ ನನಗೆ ಕಲಿಸಿದ್ದು. ಅವರು ಪುಸ್ತಕ ಕೊಟ್ಟು ಕೂರಿಸಲಿಲ್ಲ. ಒಂದು ಪಂಪಿನ ಹತ್ತಿರ ನಿಲ್ಲಿಸಿ, 'ಈ ಪೈಪ್ ಎಲ್ಲಿಗೆ ಹೋಗ್ತದೆ, ಹಿಂದೆ ಹೋಗಿ ನೋಡ್ಕೊಂಡು ಬಾ' ಅಂದರು. ಪೈಪ್ ಗೋಡೆ ದಾಟಿ, ಮೆಟ್ಟಿಲ ಕೆಳಗೆ ಇಳಿದು, ಇನ್ನೊಂದು ಕೋಣೆಯಲ್ಲಿ ಏಳುತ್ತದೆ. ಅದರ ಜೊತೆಗೇ ನಡೆಯಬೇಕು. ಬಂದ ಮೇಲೆ ಬಿಳಿ ಹಾಳೆ ಕೊಡುತ್ತಾರೆ. ದಾರಿಯಲ್ಲಿ ಸಿಕ್ಕ ವಾಲ್ವ್‌ಗಳನ್ನೆಲ್ಲ ನಂಬರ್ ಸಮೇತ ನೆನಪಿನಿಂದ ಬರೆಯಬೇಕು.

ವಾಲ್ವ್ ಮುಟ್ಟುವ ಮೊದಲು ಅದರ ಟ್ಯಾಗ್ ಮೇಲೆ ಬೆರಳಿಟ್ಟು ಜೋರಾಗಿ ಓದುವುದನ್ನೂ ಅವರೇ ಕಲಿಸಿದರು. ಕಂಟ್ರೋಲ್ ರೂಮಿನಿಂದ ಹೇಳಿದ್ದನ್ನು ಹಾಗೇ ತಿರುಗಿ ಹೇಳಬೇಕು. ಅವರು 'ಸರಿ' ಅಂದ ಮೇಲೇ ಕೈ ಹಾಕಬೇಕು. ಮೂವತ್ತು ವರ್ಷ ಸರ್ವಿಸ್ ಆದ ಹಿರಿಯರೊಬ್ಬರು ದಿನಾ ಮುಟ್ಟುವ ವಾಲ್ವ್ ಎದುರೂ ಹೀಗೇ ಬೆರಳಿಟ್ಟು ಓದುತ್ತಾರೆ. ಆ ಬೆರಳನ್ನು ನೋಡಿ ಕಲಿತಷ್ಟು ನಾನು ಬೇರೆಲ್ಲೂ ಕಲಿತಿಲ್ಲ.

ಟ್ರೈನಿಂಗ್ ಸೆಂಟರಿನ ಮೇಷ್ಟ್ರುಗಳಿಗೆ ಕೋಟಿ ನಮಸ್ಕಾರ. ಡಿಪ್ಲೊಮಾ ಮುಗಿಸಿ ಬಂದಾಗ ನನಗೆ ರಿಯಾಕ್ಟರ್ ಅಂದರೆ ಬರೀ ಚಿತ್ರ. 306 ಚಾನಲ್ ಅಂದರೆ ಇಂಧನದ ಕೊಳವೆಗಳು, ಅದರೊಳಗೆ ಯುರೇನಿಯಂ ಬಂಡಲ್‌ಗಳು, ಸುತ್ತ ಭಾರಜಲ ಅನ್ನುವ, ಮಾಮೂಲಿ ನೀರಿಗಿಂತ ತುಸು ಭಾರದ ನೀರು, ರಿಯಾಕ್ಟರ್ ಓಡುತ್ತಿರುವಾಗಲೇ ಇಂಧನ ಬದಲಿಸುವ ಯಂತ್ರ. ಇದನ್ನೆಲ್ಲ ಕನ್ನಡ ಮೀಡಿಯಂ ಹುಡುಗರಿಗೆ ಅರ್ಥವಾಗುವ ತನಕ ಬಿಡಿಸಿ ಬಿಡಿಸಿ ಹೇಳಿದರು. ಕ್ಲಾಸ್ ಮುಗಿದ ಮೇಲೂ ಬೋರ್ಡ್ ಮುಂದೆ ನಿಂತಿರುತ್ತಿದ್ದರು. ಹಾಸ್ಟೆಲಿನ ರೂಮ್‌ಮೇಟ್‌ಗೂ ಥ್ಯಾಂಕ್ಸ್. ಅವನ ಊರು ಕೋಟಾ, ಹಿಂದಿ ಬಿಟ್ಟರೆ ಬೇರೆ ಗೊತ್ತಿಲ್ಲ. ಆದರೂ ನನ್ನ ಸಂದರ್ಶನದ ಹಿಂದಿನ ರಾತ್ರಿ ನಿದ್ದೆಗೆಟ್ಟು ಪ್ರಶ್ನೆ ಕೇಳಿದ.

ಈಗ ನಮ್ಮ ದೊಡ್ಡಪ್ಪನ ವಿಷಯ. ನಮ್ಮದು ಯಲ್ಲಾಪುರದ ಕಡೆ. 1989ರಲ್ಲಿ ಶಿವರಾಮ ಕಾರಂತರು ಕೈಗಾ ವಿರೋಧಿಸಿ ಲೋಕಸಭೆಗೆ ನಿಂತಾಗ ದೊಡ್ಡಪ್ಪ ಅವರ ಪರವಾಗಿ ಹಳ್ಳಿ ಹಳ್ಳಿ ಓಡಾಡಿದವರು. ನನಗೆ ಇಲ್ಲಿ ಕೆಲಸ ಸಿಕ್ಕಾಗ ಬೇಡ ಅನ್ನಲಿಲ್ಲ, ಭೇಷ್ ಅಂತಲೂ ಅನ್ನಲಿಲ್ಲ. ಪ್ರತಿ ಸಲ ಊರಿಗೆ ಹೋದಾಗಲೂ ಜಗಲಿಯಲ್ಲಿ ಕೂರಿಸಿಕೊಂಡು ಒಂದೊಂದು ಪ್ರಶ್ನೆ. 1994ರಲ್ಲಿ ಕಟ್ಟುವಾಗ ರಿಯಾಕ್ಟರ್ ಕಟ್ಟಡದ ಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತಲ್ಲ, ಆಮೇಲೆ ಏನು ಬದಲಾಯಿಸಿದರು? ಒಂದು ಸಲ ಕೇಳಿದರು: 'ತಮಾ, ಬಂದ್ ಮಾಡಿದ ಮೇಲೂ ಅದು ಬಿಸಿ ಇರ್ತಲ, ಕರೆಂಟೂ ಇಲ್ಲೆ ಅಂದ್ರೆ ಎಂತ ಮಾಡ್ತ್ರಿ?'

ಇಡೀ ಟ್ರೈನಿಂಗಿನಲ್ಲಿ ಇದಕ್ಕಿಂತ ಒಳ್ಳೆ ಪ್ರಶ್ನೆ ಯಾರೂ ಕೇಳಿಲ್ಲ. ರಿಯಾಕ್ಟರ್ ನಿಲ್ಲಿಸಿದ ಕ್ಷಣದಲ್ಲೂ ಮೊದಲಿದ್ದ ಶಾಖದ ಸುಮಾರು 6-7 ಶೇಕಡ ಹಾಗೇ ಬರುತ್ತಿರುತ್ತದೆ. ಆಮೇಲೆ ಇಳಿಯುತ್ತಾ ಹೋಗುತ್ತದೆ, ಆದರೆ ಸೊನ್ನೆ ಆಗುವುದಿಲ್ಲ. ಅದನ್ನು ಹೊರಗೆ ತೆಗೆಯಲೇಬೇಕು. ನಮ್ಮಲ್ಲಿ ಸ್ಟೀಮ್ ಜನರೇಟರ್‌ಗಳು, ಅಂದರೆ ರಿಯಾಕ್ಟರಿನ ಶಾಖದಿಂದ ನೀರನ್ನು ಆವಿ ಮಾಡುವ ಪಾತ್ರೆಗಳು, ರಿಯಾಕ್ಟರಿಗಿಂತ ಎತ್ತರದಲ್ಲಿವೆ. ಪಂಪ್ ನಿಂತರೂ ಬಿಸಿ ನೀರು ತಾನಾಗಿ ಮೇಲೇರಿ, ತಣಿದು ಕೆಳಗಿಳಿಯುತ್ತದೆ. ಸ್ಟೀಮ್ ಜನರೇಟರಿಗೆ ಹೊರಗಿನಿಂದ ನೀರು ಕೊಡುತ್ತಾ ಇದ್ದರೆ ಸಾಕು.

ಹಾಗಾಗಿ ನಾನು ಎಂದೂ ನೋಡದ ಒಂದು ಶಿಫ್ಟಿನವರಿಗೂ ಇಲ್ಲಿ ಕೈ ಮುಗಿಯಬೇಕು. 1993ರ ಮಾರ್ಚ್ 31ರ ನಸುಕು, ಉತ್ತರ ಪ್ರದೇಶದ ನರೋರಾ ಅಣುವಿದ್ಯುತ್ ಕೇಂದ್ರ. ಟರ್ಬೈನಿನ ಬ್ಲೇಡ್ ಮುರಿದು, ವಿದ್ಯುತ್ ಜನರೇಟರ್ ತಣಿಸುವ ಹೈಡ್ರೋಜನ್‌ಗೆ ಬೆಂಕಿ ಹತ್ತಿ, ಕೇಬಲ್‌ಗಳು ಸುಟ್ಟುಹೋದವು. ಸುಮಾರು 17 ಗಂಟೆ ಪೂರ್ತಿ ಕರೆಂಟ್ ಇರಲಿಲ್ಲ. ಕಂಟ್ರೋಲ್ ರೂಮಿನಲ್ಲಿ ಹೊಗೆ ತುಂಬಿತ್ತು. ಅಂಥದ್ದರಲ್ಲಿ ಅವರು ಬೆಂಕಿ ಆರಿಸುವ ಡೀಸೆಲ್ ಪಂಪ್ ಚಾಲೂ ಮಾಡಿ, ಆ ನೀರನ್ನೇ ಸ್ಟೀಮ್ ಜನರೇಟರಿಗೆ ಕೊಟ್ಟರು. ರಿಯಾಕ್ಟರ್ ಉಳಿಯಿತು, ಹೊರಗೆ ವಿಕಿರಣ ಹೋಗಲಿಲ್ಲ. ಕತ್ತಲಲ್ಲೂ ಯಾವ ಪೈಪ್ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿದ್ದ ಜನ ಅವರು. ನಮಗೆ ಬಿಳಿ ಹಾಳೆ ಯಾಕೆ ಕೊಡುತ್ತಾರೆ ಅಂತ ಇದನ್ನು ಓದಿದ ದಿನ ಗೊತ್ತಾಯಿತು. ದೊಡ್ಡಪ್ಪನಿಗೆ ಇದನ್ನೇ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಒಪ್ಪಿದರೋ ಇಲ್ಲವೋ ಹೇಳಲಿಲ್ಲ. ದೊಡ್ಡಪ್ಪಾ, ಪ್ರಶ್ನೆ ಕೇಳುವುದನ್ನು ಮಾತ್ರ ನಿಲ್ಲಿಸಬೇಡಿ.

ಕದ್ರಾ ಅಣೆಕಟ್ಟಿಗೆ ಮನೆ, ತೋಟ ಬಿಟ್ಟು ಎದ್ದು ಹೋದವರನ್ನೂ ನೆನೆಯುತ್ತೇನೆ. ನಮ್ಮ ಪ್ಲಾಂಟಿಗೆ ತಂಪು ಕೊಡುವುದು ಆ ಕಾಳಿ ನೀರೇ. ಅವರಿಗೆ ಬರೀ ಥ್ಯಾಂಕ್ಸ್ ಅಂದರೆ ಸಾಲುವುದಿಲ್ಲ ಅಂತ ನನಗೆ ಗೊತ್ತು.

ಅಪ್ಪ, ಆಯಿ, ನಿಮಗೆ ಏನಂತ ಬರೆಯಲಿ? ಅಡಿಕೆಗೆ ಕೊಳೆರೋಗ ಬಂದ ವರ್ಷವೂ ನನ್ನ ಫೀಸು ತಡ ಆಗಲಿಲ್ಲ. ಆಯಿ, ನೀವು ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಹಾಸ್ಟೆಲಿನಲ್ಲಿ ರಾಜಸ್ಥಾನ, ತಮಿಳುನಾಡು ಎಲ್ಲ ಕಡೆಯವರ ತಟ್ಟೆಗೂ ಹೋಗಿದೆ. ಅವರೂ ನಿಮಗೆ ಥ್ಯಾಂಕ್ಸ್ ಹೇಳಿದ್ದಾರೆ.

ಈ ವಾರ ನನಗೆ ನೈಟ್ ಶಿಫ್ಟ್. ಒಳಗೆ ಫೋನ್ ಒಯ್ಯುವ ಹಾಗಿಲ್ಲ. ಹಗಲು ಮಲಗಿರುತ್ತೇನೆ. ಫೋನ್ ಮಾಡುವವರು ಸಂಜೆ ನಾಲ್ಕರ ಮೇಲೆ ಮಾಡಿ, ಖಂಡಿತ ಎತ್ತುತ್ತೇನೆ.