ಹಿಂಬದಿಯ ಎರಡು ಬಟನ್, ಮತ್ತೆ ನಾನು ಥ್ಯಾಂಕ್ಸ್ ಹೇಳಬೇಕಾದವರು

ಹೋದ ಭಾನುವಾರ ರಾತ್ರಿ ತಂಗಿಯ ಮಗನನ್ನು ಫುಟ್‌ಬಾಲ್ ಗೇಮಿನಲ್ಲಿ 2–1ರಿಂದ ಸೋಲಿಸಿದೆ. ಅವನಿಗೆ 13 ವರ್ಷ, ನನಗೆ 36. ಇದನ್ನು ಊರಿಗೆಲ್ಲ ಹೇಳಿಕೊಳ್ಳುವಂಥದ್ದು ಏನಿದೆ ಅಂತ ಕೇಳಬಹುದು. ಇದೆ. 14 ತಿಂಗಳಲ್ಲಿ ನಾನು ಗೆದ್ದ ಮೊದಲ ಮ್ಯಾಚ್ ಅದು. ಬೇಕಂತಲೇ ಸೋತನೇನೋ ಅಂತ ನನಗೂ ಅನುಮಾನ ಬಂತು. ಆದರೆ ಮುಖ ಊದಿಸಿಕೊಂಡು, ಊಟಕ್ಕೂ ಏಳದೆ ಗೋಡೆ ಕಡೆ ತಿರುಗಿ ಮಲಗಿದ. ಬೇಕಂತ ಸೋತವರು ಹಾಗೆ ಮಲಗಲ್ಲ. ಗೆಲ್ಲಿಸಿದ್ದು ಗೇಮ್ ಕಂಟ್ರೋಲರಿನ ಹಿಂಬದಿಗೆ ನಾನೇ ಹಾಕಿಕೊಂಡ ಎರಡು ಬಟನ್. ಅದಕ್ಕೆ ಜೊತೆಯಾದವರಿಗೆ ಥ್ಯಾಂಕ್ಸ್ ಹೇಳಲು ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸ ಜೀನ್ಸ್ ಯೂನಿಟ್‌ನಲ್ಲಿ. ಬಳ್ಳಾರಿಯಲ್ಲಿ ಇದೇನು ದೊಡ್ಡ ಸುದ್ದಿಯಲ್ಲ, ನಮ್ಮ ಓಣಿಯಲ್ಲೇ ಮನೆಗೊಬ್ಬರು ಹೊಲಿಗೆಯವರಿದ್ದಾರೆ. ನಾನು ರಿವಿಟ್ ಹೊಡೆಯುವ ಮಷಿನ್ ಮೇಲಿದ್ದೆ. ಜೀನ್ಸ್ ಜೇಬಿನ ಮೂಲೆಯಲ್ಲಿ ತಾಮ್ರದ ಬಣ್ಣದ ಸಣ್ಣ ಗುಂಡಿ ಇರುತ್ತಲ್ಲ, ಅದೇ ರಿವಿಟ್. ಅಮೆರಿಕದಲ್ಲಿ ಜೇಕಬ್ ಡೇವಿಸ್ ಅಂತ ಒಬ್ಬ ದರ್ಜಿ ಜೇಬು ಹರಿಯಬಾರದು ಅಂತ ಹಾಕಿದ್ದು. 1873ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅಲ್ಲಿಂದ ಇಲ್ಲಿಯವರೆಗೆ ಜಗತ್ತಿನ ಜೇಬುಗಳೆಲ್ಲ ಗಟ್ಟಿಯಾಗಿವೆ. ನನ್ನ ಬಲಗೈ ಹೆಬ್ಬೆರಳು ಮಾತ್ರ ಮುರಿಯಿತು.

ತಪ್ಪು ಯಾರದ್ದೂ ಅಲ್ಲ. ಸಂಜೆ ಹೊತ್ತು, ಕಣ್ಣು ಒಂದು ಕಡೆ, ಮಾತು ಒಂದು ಕಡೆ. ಕೈ ಹೊರಗೆ ಬರುವ ಮೊದಲೇ ಕಾಲು ಪೆಡಲ್ ಒತ್ತಿಬಿಟ್ಟಿತ್ತು. ಮೂಳೆ ಸೀಳಿತ್ತು, ಒಳಗೆ ತಂತಿ ಹಾಕಿದರು. ಒಂದೂವರೆ ತಿಂಗಳಾದ ಮೇಲೆ ಬಿಚ್ಚಿ ನೋಡಿದರೆ ಮೇಲಿನ ಗೆಣ್ಣು ಮಡಚುತ್ತಿಲ್ಲ. ತುದಿಯಲ್ಲಿ ಏನು ಮುಟ್ಟಿದರೂ ಗೊತ್ತಾಗಲ್ಲ. ಗೆಳೆಯರು ಏಕಲವ್ಯ ಅಂತ ಹೆಸರಿಟ್ಟರು. ನಾನೂ ನಕ್ಕೆ. ಅವನದ್ದಾದರೂ ಗುರುದಕ್ಷಿಣೆ. ನಂದು ಯಾರದ್ದೋ ಪ್ಯಾಂಟಿನ ಜೇಬಿಗೆ ಹೋಯಿತು.

ಮೊದಲ ಥ್ಯಾಂಕ್ಸ್ ನಮ್ಮ ಯೂನಿಟ್‌ನ ಅಕ್ಕಂದಿರಿಗೆ. ನಾನು ವಾಪಸ್ ಬಂದಾಗ ನನ್ನನ್ನು ದಾರ ಕತ್ತರಿಸುವ ಕೆಲಸಕ್ಕೆ ಹಾಕಿದ್ದರು. ಹೆಬ್ಬೆರಳು ಕತ್ತರಿಯ ಕಣ್ಣಿಗೆ ಹೋಗುತ್ತಿರಲಿಲ್ಲ. ದಿನಾ ನನ್ನ ಬಂಡಲ್‌ನಿಂದ ನಾಲ್ಕೈದು ಪೀಸ್ ಸದ್ದಿಲ್ಲದೆ ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು. ನಾನು ನೋಡಿದರೆ ಬೇರೆ ಕಡೆ ನೋಡುತ್ತಿದ್ದರು. ನನಗೆ ಗೊತ್ತಿತ್ತು ಅಕ್ಕಾ, ಈಗ ಹೇಳ್ತಿದ್ದೀನಿ ಅಷ್ಟೇ.

ಈಗ ಗೇಮಿನ ವಿಷಯ. ಮನೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಪಿಎಸ್4 ಇದೆ, ಟಿವಿಗೆ ಸಿಕ್ಕಿಸಿ ಗೇಮ್ ಆಡುವ ಸೋನಿ ಪೆಟ್ಟಿಗೆ. ಭಾನುವಾರ ಅಳಿಯ ಬರುತ್ತಾನೆ, ಎರಡು ಮ್ಯಾಚ್ ಆಡುತ್ತೇವೆ. ನನಗೆ ಬೇರೆ ಚಟ ಇಲ್ಲ, ಇದೊಂದೇ. ಎರಡೂ ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಮೇಲೆ ಬಲಗಡೆ ನಾಲ್ಕು ಬಟನ್ ಇರುತ್ತವೆ. ನಮ್ಮ ಫುಟ್‌ಬಾಲ್ ಗೇಮಿನಲ್ಲಿ ಎಕ್ಸ್ ಒತ್ತಿದರೆ ಪಾಸ್, ಸರ್ಕಲ್ ಒತ್ತಿದರೆ ಗೋಲಿಗೆ ಹೊಡೆತ. ಚೌಕ, ತ್ರಿಕೋನಕ್ಕೆ ಬೇರೆ ಕೆಲಸ. ಈ ನಾಲ್ಕನ್ನೂ ಒತ್ತಬೇಕಾದದ್ದು ಬಲಗೈ ಹೆಬ್ಬೆರಳೊಂದೇ! ಮುಟ್ಟಿದ್ದೇ ಗೊತ್ತಾಗದ ಬೆರಳು ಎಕ್ಸ್ ಮೇಲಿದೆಯೋ ಸರ್ಕಲ್ ಮೇಲಿದೆಯೋ ಹೇಗೆ ಗೊತ್ತಾಗಬೇಕು? ಗೋಲ್‌ಕೀಪರ್‌ಗೆ ಪಾಸ್ ಕೊಡಲು ಹೋಗಿ ಅವನ ಮೇಲೇ ಜೋರಾಗಿ ಹೊಡೆದಿದ್ದೇನೆ. ನನ್ನದೇ ಗೋಲ್‌ಕೀಪರ್.

ಪಿಎಸ್4ರ ಸೆಟ್ಟಿಂಗ್ಸ್‌ನಲ್ಲೇ ಬಟನ್ ಬದಲಾಯಿಸುವ ಸೌಕರ್ಯ ಇದೆ. ಅಳಿಯ ಅದನ್ನು ಹುಡುಕಿ ಎಕ್ಸ್‌ನ ಕೆಲಸವನ್ನು ಎಡಗೈ ತೋರುಬೆರಳು ಒತ್ತುವ ಎಲ್1 ಬಟನ್ನಿಗೆ ಹಾಕಿಕೊಟ್ಟ. ಎರಡು ದಿನ ಖುಷಿಯಾಯಿತು. ಆಮೇಲೆ ಗೊತ್ತಾಯಿತು, ಎಲ್1 ಮಾಡುತ್ತಿದ್ದ ಕೆಲಸ ಈಗ ಎಕ್ಸ್‌ಗೆ ಹೋಗಿದೆ, ಅದನ್ನು ಒತ್ತಲು ಮತ್ತೆ ಅದೇ ಹೆಬ್ಬೆರಳು ಬೇಕು. ಬಸ್ಸಿನಲ್ಲಿ ಒಬ್ಬರನ್ನು ಎಬ್ಬಿಸಿ ಇನ್ನೊಬ್ಬರನ್ನು ಕೂರಿಸಿದ ಹಾಗೆ. ನನಗೆ ಬೇಕಿದ್ದದ್ದು ಎರಡು ಹೊಸ ಸೀಟು.

ಕಂಟ್ರೋಲರ್ ಹಿಡಿದಾಗ ನಡುಬೆರಳು ಹಿಂದೆ ಸುಮ್ನೆ ಕೂತಿರುತ್ತೆ. ಅದಕ್ಕೆ ಕೆಲಸ ಕೊಡಬಹುದು ಅಂತ ಕಂಪನಿಗಳಿಗೂ ಹೊಳೆದಿದೆ. ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಬಾಕ್ಸ್‌ನ ಎಲೀಟ್ ಕಂಟ್ರೋಲರ್‌ನಲ್ಲಿ 2015ರಲ್ಲೇ ಹಿಂದೆ ನಾಲ್ಕು ಪ್ಯಾಡಲ್, ಅಂದರೆ ಬೆರಳಲ್ಲಿ ಒತ್ತುವ ಪಟ್ಟಿ, ಇದ್ದವು. ಸೋನಿ 2020ರಲ್ಲಿ ಪಿಎಸ್4 ಕಂಟ್ರೋಲರ್‌ಗೆ ಸಿಕ್ಕಿಸುವ ಹಿಂಬದಿಯ ಬಟನ್ ತಂದಿತು. 2023ರಲ್ಲಿ ಪಿಎಸ್5ಕ್ಕೆ ಬಂದ ಡ್ಯುಯಲ್‌ಸೆನ್ಸ್ ಎಡ್ಜ್‌ನಲ್ಲಿ ಅದು ಕಂಟ್ರೋಲರ್ ಜೊತೆಗೇ ಬಂತು. ಸಿಕ್ಕಿಸುವ ಬಟನ್ ಬೆಂಗಳೂರು ರಸ್ತೆಯ ಅಂಗಡಿಗಳಲ್ಲಿ ಕೇಳಿದರೆ ಕವರ್ ತೋರಿಸಿದರು. ಉಳಿದವುಗಳ ರೇಟ್ ನೋಡಿ ಫೋನ್ ಕೆಳಗಿಟ್ಟೆ. "ಮಾಮಾ, ನಾವೇ ಹಾಕ್ಕೊಳ್ಳೋಣ" ಅಂದ ಅಳಿಯ. ಬಾಯಿ ಅವನದು, ಕೈ ನಂದು.

ಹಾಗೆ ಹೋದದ್ದು ಕೌಲ್‌ಬಜಾರಿನ ಮೊಬೈಲ್ ರಿಪೇರಿ ಅಂಗಡಿಗೆ. ಹುಡುಗ ನನಗಿಂತ ಹತ್ತು ವರ್ಷ ಚಿಕ್ಕವನು. "ನೀನೇ ಹಾಕಿಕೊಡಪ್ಪಾ, ಎಷ್ಟಾಗುತ್ತೋ ಕೊಡ್ತೀನಿ" ಅಂದೆ. ಅವನು ಕಂಟ್ರೋಲರ್ ನೋಡಿದ, ನನ್ನ ಬೆರಳು ನೋಡಿದ. ಆಮೇಲೆ ಕಾಲಿನಿಂದ ಒಂದು ಸ್ಟೂಲ್ ನನ್ನ ಕಡೆ ತಳ್ಳಿದ. "ಕೂತ್ಕೊಳ್ರಿ ಅಣ್ಣಾ. ಮೊದಲು ಇದ್ರ ಮೇಲೆ ಹಾಕಿ" ಅಂತ ಒಂದು ಸತ್ತ ಫೋನಿನ ಬೋರ್ಡ್ ಮುಂದಿಟ್ಟ.

ಹನ್ನೊಂದು ದಿನ, ಕೆಲಸ ಮುಗಿಸಿ ರಾತ್ರಿ ಎಂಟರಿಂದ ಅಂಗಡಿ ಬಾಗಿಲು ಹಾಕುವವರೆಗೆ ಅಲ್ಲಿ ಕೂತಿದ್ದೇನೆ. ತಂತಿ ಬೆಸೆಯುವ ಬಿಸಿ ಕಡ್ಡಿ, ಅಂದರೆ ಸೋಲ್ಡರಿಂಗ್ ಐರನ್ನನ್ನು ಪೆನ್ನಿನ ಹಾಗೆ ಹಿಡಿಯಲು ಹೆಬ್ಬೆರಳು ಬೇಕು. ನನಗೆ ಆಗಲಿಲ್ಲ. ಕೊನೆಗೆ ತೋರುಬೆರಳು ನಡುಬೆರಳ ಮಧ್ಯೆ ಬೀಡಿ ಹಿಡಿದ ಹಾಗೆ ಹಿಡಿದೆ, ಹೆಬ್ಬೆರಳನ್ನು ಬರೀ ಒರಗಿಸಿದೆ. ಅದು ನಿಂತಿತು. ಮೊದಲ ದಿನ ಹಾಕಿದ ಸೋಲ್ಡರ್ ಒಂದೂ ಹಿಡಿಯಲಿಲ್ಲ, ಉಂಡೆ ಉಂಡೆಯಾಗಿ ಉರುಳಿ ಹೋಯಿತು. "ಐರನ್‌ನಿಂದ ಸೋಲ್ಡರ್ ಕರಗಿಸಬೇಡಿ ಅಣ್ಣಾ. ಬೋರ್ಡ್ ಬಿಸಿ ಮಾಡಿ, ಅದೇ ಕರಗಿಸಿಕೊಳ್ಳುತ್ತೆ" ಅಂದ. ಜಾಸ್ತಿ ಹೊತ್ತು ಇಟ್ಟರೆ ತಾಮ್ರದ ಚುಕ್ಕೆಯೇ ಬೋರ್ಡಿನಿಂದ ಕಿತ್ತು ಬರುತ್ತೆ ಅಂತಲೂ ಹೇಳಿದ. ಬಂತು ಕೂಡ, ಮೂರು ಸಲ. ಅದಕ್ಕೇ ಸತ್ತ ಬೋರ್ಡ್ ಕೊಟ್ಟಿದ್ದು.

ನಾನು ಅಲ್ಲಿ ತಿಣುಕಾಡುವಾಗ ಗಿರಾಕಿಗಳು ಕಾಯುತ್ತಿದ್ದರು. ಅವನು ಮನಸ್ಸು ಮಾಡಿದ್ದರೆ ನನ್ನ ಕೆಲಸ ಹತ್ತು ನಿಮಿಷದ್ದು. ಆದರೆ "ಕೊಡಿ ಇಲ್ಲಿ" ಅಂತ ಹನ್ನೊಂದು ದಿನದಲ್ಲಿ ಒಂದು ಸಲವೂ ಅನ್ನಲಿಲ್ಲ. ಬೆರಳಿಗೆ ಏಟು ಬಿದ್ದಾಗಿನಿಂದ ಎಲ್ಲರೂ ನನ್ನ ಕೈಯಿಂದ ಏನಾದರೊಂದು ಕಿತ್ತುಕೊಳ್ಳುತ್ತಲೇ ಇದ್ದರು. ನೀರಿನ ಕೊಡ, ಬೈಕಿನ ಕೀ, ಕಡೆಗೆ ಬಾಳೆಹಣ್ಣು ಕೂಡ ಸುಲಿದು ಕೊಡುತ್ತಿದ್ದರು. ಪ್ರೀತಿಯಿಂದಲೇ, ಇಲ್ಲ ಅನ್ನಲ್ಲ. ಈ ಹುಡುಗ ಮಾತ್ರ ಕಿತ್ತುಕೊಳ್ಳಲಿಲ್ಲ. ದುಡ್ಡು ಕೊಡಲು ಹೋದರೆ ವಗ್ಗಾಣಿ-ಮಿರ್ಚಿ ತರಿಸಿ ಅಂದ. ಒಂದು ಪ್ಲೇಟ್ ಅಂದುಕೊಂಡಿದ್ದೆ, ಪಕ್ಕದ ಅಂಗಡಿಯವರನ್ನೂ ಕರೆದ.

ವೈರ್ ಕೊಟ್ಟದ್ದು ಮೋಟರ್ ರೀವೈಂಡಿಂಗ್ ಮಾಡುವ ಚಾಚಾ. ಕಂಟ್ರೋಲರ್ ಒಳಗೆ ಜಾಗ ತೀರಾ ಕಡಿಮೆ, ಮಾಮೂಲಿ ವೈರ್ ಹಾಕಿದರೆ ಮುಚ್ಚಳ ಕೂರಲ್ಲ. ಚಾಚಾ ಸೀಲಿಂಗ್ ಫ್ಯಾನಿಗೆ ಸುತ್ತುವ 36 ಗೇಜ್ ತಂತಿ ಎರಡು ಮಾರು ಎಳೆದು ಕೊಟ್ಟರು. ಕೂದಲಿಗಿಂತ ಎರಡು-ಮೂರು ಪಟ್ಟು ದಪ್ಪ, ಅಷ್ಟೇ. ಎಷ್ಟು ಅಂದೆ. ಈ ತಂತಿ ತೂಕದ ಮೇಲೆ ಮಾರೋದು. "ಇದನ್ನ ತೂಗೋಕೆ ಬಂಗಾರದ ಅಂಗಡಿಗೆ ಹೋಗಬೇಕು, ನಡಿ" ಅಂದರು. ಹೊರಟವನನ್ನು ಮತ್ತೆ ಕರೆದು ಬ್ಲೇಡಿನಿಂದ ತುದಿ ಕೆರೆದು ತೋರಿಸಿದರು. ಬರೀ ತಾಮ್ರ ಅನ್ನಿಸುತ್ತೆ, ಆದರೆ ಮೇಲೆ ಎನಾಮಲ್ ಬಳಿದಿರುತ್ತೆ. ಅದನ್ನು ಕೆರೆಯದಿದ್ದರೆ ಕರೆಂಟೂ ಹೋಗಲ್ಲ, ಸೋಲ್ಡರೂ ಹಿಡಿಯಲ್ಲ. ಆ ಒಂದು ಮಾತು ಕೇಳದೆ ಮನೆಗೆ ಹೋಗಿದ್ದರೆ ನಾನು ಇವತ್ತಿಗೂ ತಲೆ ಕೆರೆದುಕೊಳ್ಳುತ್ತಿದ್ದೆ.

ಕಂಟ್ರೋಲರ್ ಬಿಚ್ಚಿದ್ದು ಒಂದು ಭಾನುವಾರ ಮಧ್ಯಾಹ್ನ. ಬೇಸಿಗೆ. ಬಳ್ಳಾರಿ ಬೇಸಿಗೆ ಅಂದರೆ ಬೇರೆ ಹೇಳಬೇಕಿಲ್ಲ, 40 ಡಿಗ್ರಿ ದಾಟಿರುತ್ತೆ. ಫ್ಯಾನ್ ಹಾಕಿದರೆ ತಂತಿ ಹಾರುತ್ತೆ, ಐರನ್ ತುದಿ ಆರುತ್ತೆ. ಹಾಗಾಗಿ ಫ್ಯಾನ್ ಬಂದ್, ಹೊಗೆ ಹೋಗಲಿ ಅಂತ ಕಿಟಕಿ ಮಾತ್ರ ತೆರೆದದ್ದು. ನಮ್ಮ ಮನೆಯವಳು ಫೋನ್ ಟಾರ್ಚ್ ಹಿಡಿದು ಎರಡು ತಾಸು ನಿಂತಳು. ಅವಳಿಗೆ ಗೇಮ್ ಅಂದರೆ ಆಗಲ್ಲ, ಕಂಟ್ರೋಲರನ್ನು ಇವತ್ತಿಗೂ ರಿಮೋಟ್ ಅಂತಲೇ ಕರೆಯುತ್ತಾಳೆ. ಆದರೂ ನಿಂತಳು. ನನ್ನ ಹಣೆ ಬೆವರು ಬೋರ್ಡ್ ಮೇಲೆ ಬೀಳದ ಹಾಗೆ ಸೆರಗಿನಿಂದ ಒರೆಸುತ್ತಿದ್ದಳು, ಬೈಯುತ್ತಲೂ ಇದ್ದಳು.

ಹಿಂದೆ ನಾಲ್ಕು ಸ್ಕ್ರೂ. ಬಿಚ್ಚಿದ ಮೇಲೆ ಮುಚ್ಚಳವನ್ನು ದಡಕ್ಕನೆ ಎಳೆಯಬಾರದು, ಚಾರ್ಜಿಂಗ್ ಬೋರ್ಡಿಗೆ ಹೋಗುವ ಪಟ್ಟಿ ಕೇಬಲ್ ಹರಿದುಹೋಗುತ್ತೆ. ಮೊದಲು ಬ್ಯಾಟರಿ ತೆಗೆದು ಬೇರೆ ಇಟ್ಟೆವು. ಯಾರಾದರೂ ಮಾಡುವುದಿದ್ದರೆ ಇದನ್ನು ಮರೆಯಬೇಡಿ. ಒಳಗೆ ಲಿಥಿಯಂ ಬ್ಯಾಟರಿ ಇಟ್ಟುಕೊಂಡು ಡ್ರಿಲ್ ಹಾಕುವುದು ಹುಡುಗಾಟ ಅಲ್ಲ. ನಮ್ಮದು ಜೆಡಿಎಂ-055 ಅಂತ ಬರೆದಿದ್ದ ಬೋರ್ಡ್. ಬೋರ್ಡ್ ನಂಬರ್ ಬದಲಾದರೆ ವೈರ್ ಹಾಕುವ ಚುಕ್ಕೆಗಳ ಜಾಗವೂ ಬದಲಾಗುತ್ತೆ.

ಎಕ್ಸ್‌ನ ಚುಕ್ಕೆ ಹುಡುಕಲು ಮಲ್ಟಿಮೀಟರನ್ನು (ಕರೆಂಟ್ ಹರಿಯುವ ದಾರಿ ಸಿಕ್ಕರೆ ಕೂಗುವ ಮೀಟರ್) ಬೀಪ್‌ಗೆ ಇಟ್ಟು, ಬಟನ್ ಒತ್ತಿ ಒತ್ತಿ ನೋಡಿದೆ. ಒಂದು ಸಂಜೆ ಪೂರ್ತಿ. ಬೀಪ್ ಬರಲೇ ಇಲ್ಲ. ಬೋರ್ಡ್ ಸುಟ್ಟೇಹೋಯಿತು ಅಂತ ಕೈಬಿಟ್ಟೆ. ಮಾರನೇ ದಿನ ರಿಪೇರಿ ಹುಡುಗ ನಕ್ಕ. ಬಟನ್ ಕೆಳಗಿನ ರಬ್ಬರ್‌ಗೆ ಕಾರ್ಬನ್ ಹಚ್ಚಿರುತ್ತೆ. ಅದು ತಾಮ್ರದಷ್ಟು ಸಲೀಸಾಗಿ ಕರೆಂಟ್ ಬಿಡಲ್ಲ, ಅದಕ್ಕೆ ಬೀಪ್ ಆಗಲ್ಲ. ಓಮ್‌ಗೆ (ಕರೆಂಟಿಗಿರುವ ತಡೆ ಅಳೆಯುವ ಕಡೆ) ಇಟ್ಟು ನಂಬರ್ ಬೀಳುವುದನ್ನು ನೋಡಬೇಕಂತೆ. ನೋಡಿದೆ. ಬಿತ್ತು. ಎರಡು ಬಟನ್‌ಗೆ ಮೂರೇ ತಂತಿ ಸಾಕಾಯಿತು, ಒಂದು ಎರಡಕ್ಕೂ ಸೇರಿದ್ದು.

ಹಿಂದೆ ಹಾಕಿದ್ದು 6 ಮಿಲಿಮೀಟರಿನ ಪುಟ್ಟ ಸ್ವಿಚ್, ನಾಲ್ಕು ಕಾಲಿನದು. ಆ ಕಾಲುಗಳಲ್ಲಿ ಎರಡೆರಡು ಒಳಗೇ ಕೂಡಿಕೊಂಡಿರುತ್ತವೆ. ನಾನು ಕೂಡಿಕೊಂಡ ಎರಡಕ್ಕೇ ತಂತಿ ಹಾಕಿದ್ದೆ. ಆನ್ ಮಾಡಿದರೆ ಎಕ್ಸ್ ಯಾವಾಗಲೂ ಒತ್ತಿದ ಹಾಗೇ ಇದೆ. ನಾನು ಮುಟ್ಟುವುದೇ ಬೇಡ, ಮೆನುವಿನಲ್ಲಿ ತಾನೇ ಓಕೆ ಕೊಟ್ಟುಕೊಂಡಿತು. ಅಳಿಯ ಬಿದ್ದು ಬಿದ್ದು ನಕ್ಕ. ಎದುರು ಬದುರು ಮೂಲೆಯ ಕಾಲಿಗೆ ತಂತಿ ಬದಲಾಯಿಸಿದ ಮೇಲೆ ಸರಿಯಾಯಿತು.

ಸ್ವಿಚ್ ಎಲ್ಲಿ ಕೂರಬೇಕು ಅನ್ನುವುದಕ್ಕೆ ಮಾತ್ರ ಯಾರನ್ನೂ ಕೇಳಲಿಲ್ಲ. ಎರಡೂ ನಡುಬೆರಳಿಗೆ ಟೇಲರ್ ಚಾಕ್ ಉಜ್ಜಿಕೊಂಡು, ಮ್ಯಾಚ್ ಆಡುವ ಹಾಗೆ ಕಂಟ್ರೋಲರ್ ಹಿಡಿದೆ. ಕರಿ ಪ್ಲಾಸ್ಟಿಕ್ ಮೇಲೆ ಎರಡು ಬಿಳಿ ಗುರುತು ಬಿದ್ದವು. ಅಲ್ಲೇ ತೂತು. ಇಷ್ಟು ವರ್ಷ ಪ್ಯಾಂಟಿಗೆ ಗುರುತು ಹಾಕಿದ ಕೈ ಅದು. ಪ್ಯಾಡಲ್‌ಗೆ ಅಳಿಯನ ಕಂಪಾಸ್ ಬಾಕ್ಸಿನ ಸ್ಟೀಲ್ ಸ್ಕೇಲ್ ಕತ್ತರಿಸಿದೆ, ಅಂಚು ಉಜ್ಜಿದೆ, ಒಳಭಾಗಕ್ಕೆ ಟೇಪ್ ಸುತ್ತಿದೆ. ಬೆರಳಿಗೆ ಸಿಗಲಿ ಅಂತ ತುದಿಗೆ ಫೆವಿಕ್ವಿಕ್ ಹಾಕಿ ರಿವಿಟ್‌ನ ಟೊಪ್ಪಿಗೆ ಅಂಟಿಸಿದೆ. ಹೌದು, ಅದೇ ರಿವಿಟ್. ಜೇಬಿನಲ್ಲಿ ನಾಲ್ಕಿದ್ದವು, ಕೈಗೆ ಸಿಕ್ಕಿದವು.

ಇನ್ನೊಬ್ಬರು ಉಳಿದರು, ಫಿಸಿಯೋ ಮೇಡಂ. ದಿನಾ ಚಪಾತಿ ಹಿಟ್ಟು ಹಿಚುಕಲು ಹೇಳಿದವರು. ಗೇಮ್ ವಿಷಯ ಹೇಳಲು ನನಗೆ ನಾಚಿಕೆ. ಹೇಳಿದಾಗ ನಗಲಿಲ್ಲ, ಮುಂದಿನ ಸಲ ಕಂಟ್ರೋಲರ್ ತನ್ನಿ ಅಂದರು. ಕೈಯಲ್ಲಿ ಹಿಡಿಸಿ ನೋಡಿದರು. ನಾನು ನಾಲ್ಕೂ ಬಟನ್ ಹಿಂದಕ್ಕೆ ಹಾಕುವ ಯೋಚನೆಯಲ್ಲಿದ್ದೆ. ಬೇಡ ಅಂದರು. ಅವಸರದ ಎರಡು ಮಾತ್ರ ಹಿಂದಕ್ಕೆ ಹಾಕಿ, ಉಳಿದೆರಡು ಹೆಬ್ಬೆರಳಿಗೇ ಇರಲಿ, ಅದಕ್ಕೆ ಪೂರ್ತಿ ರಜೆ ಕೊಡಬೇಡಿ ಅಂದರು. ಅದಕ್ಕೇ ಎಕ್ಸ್, ಸರ್ಕಲ್ ಹಿಂದೆ ಹೋದವು. ಚೌಕ, ತ್ರಿಕೋನ ಅಲ್ಲೇ ಇವೆ. ಭಾನುವಾರದ ಎರಡನೇ ಗೋಲಿಗೆ ತ್ರಿಕೋನ ಒತ್ತಿದ್ದು ಹೆಬ್ಬೆರಳೇ ಮೇಡಂ. ಮುಟ್ಟಿದ್ದು ಗೊತ್ತಾಗಲಿಲ್ಲ, ಆದರೆ ಬಾಲ್ ಹೋಯಿತು.

ಬಲಗಡೆ ಪ್ಯಾಡಲ್ ಸ್ವಲ್ಪ ಕಿರ್ ಅನ್ನುತ್ತೆ, ನೋಡಬೇಕು. ಅಳಿಯ ಈಗ ತನ್ನ ಕಂಟ್ರೋಲರ್‌ಗೂ ಹಾಕಿಕೊಡು ಅಂತ ಗಂಟು ಬಿದ್ದಿದ್ದಾನೆ. ಹಾಕಿಕೊಡಲ್ಲ, ಸ್ಟೂಲ್ ಕೊಡ್ತೀನಿ ಅಂದಿದ್ದೇನೆ. ಅವನ ಸ್ಕೇಲ್ ಮಾತ್ರ ಇನ್ನೂ ಕೊಡಿಸಿಲ್ಲ. ಸೋಮವಾರ ಜ್ಯಾಮಿತಿ ಇದೆಯಂತೆ.