ಪ್ರೆಶರ್ ಏರಿಸುವ ಮುನ್ನ ಗಾಳಿ ಬಿಡು

ಬೆಳಗಾವಿ
ಸೋಮವಾರ

ಚಿ. ಮಲ್ಲೂಗೆ ಕಾಕಾನ ಆಶೀರ್ವಾದ.

ನಿನ್ನೆ ನೀನು ಫೋನಿನಲ್ಲಿ ಹೇಳಿದ್ದೇ ರಾತ್ರಿಯೆಲ್ಲ ತಲೆಯಲ್ಲಿತ್ತು. ಬನಹಟ್ಟಿಯ ಸೈಜಿಂಗಿನಲ್ಲಿ, ಅಂದರೆ ನೂಲಿಗೆ ಗಂಜಿ ಹಾಕುವಲ್ಲಿ, ನೂಲು ಒಣಗಿಸುವ ಸ್ಟೀಮ್ ಸಿಲಿಂಡರುಗಳಲ್ಲಿ ಮೂರನೆಯದು ಸರಿಯಾಗಿ ಕಾಯುತ್ತಿಲ್ಲ, ಗಂಜಿ ಹಸಿ ಉಳಿದು ಎಳೆಗಳು ಅಂಟುತ್ತಿವೆ, ಮಾಲೀಕರು ಪ್ರೆಶರ್ ಏರಿಸು ಅಂತಿದ್ದಾರೆ ಅಂದೆ. ಏರಿಸಬೇಡ ತಮ್ಮಾ. ಮೊದಲು ಗಾಳಿ ಹೊರಗೆ ಹೋಗಿದೆಯಾ ನೋಡು.

ರಾತ್ರಿ ಮಶೀನ್ ನಿಂತಾಗ ಒಳಗಿನ ಸ್ಟೀಮ್ ನೀರಾಗುತ್ತದೆ, ಆ ಜಾಗಕ್ಕೆ ಗಾಳಿ ನುಗ್ಗುತ್ತದೆ. ಬೆಳಿಗ್ಗೆ ವಾಲ್ವ್ ತೆರೆದರೆ ಆ ಗಾಳಿ ಹೋಗಲು ದಾರಿ ಬೇಕಲ್ವಾ? ದಾರಿ ಇಲ್ಲದಿದ್ದರೆ ಒಳಗೇ ಉಳಿಯುತ್ತದೆ. ಗೇಜು 3 ಕಿಲೋ ಪ್ರೆಶರ್ ತೋರಿಸಿದರೆ ಒಳಗೆ ಸುಮಾರು 143 ಡಿಗ್ರಿ ಇರಬೇಕು. ಕಾಲು ಭಾಗ ಗಾಳಿ ಸೇರಿದ್ದರೆ 133ರ ಹತ್ತಿರವೇ ನಿಲ್ಲುತ್ತದೆ. ಗೇಜಿನ ಮುಳ್ಳು ಮಾತ್ರ ಅಲ್ಲಾಡುವುದಿಲ್ಲ. ಅದನ್ನು ನಂಬಿ ಕೂರಬೇಡ. ಗಾಳಿ ಹೊರಗೆ ಬಿಡುವ ಏರ್ ವೆಂಟ್ ಕೆಲಸ ಮಾಡುತ್ತಿದೆಯಾ ದಿನಾ ನೋಡು.

ಇನ್ನು ಟ್ರ್ಯಾಪ್, ಸ್ಟೀಮ್ ತಡೆದು ನೀರನ್ನಷ್ಟೇ ಹೊರಗೆ ಬಿಡುವುದು. ಉದ್ದ ಸ್ಕ್ರೂಡ್ರೈವರಿನ ತುದಿ ಅದರ ಮೇಲಿಟ್ಟು, ಹಿಡಿಕೆ ಕಿವಿಗೆ ಹಚ್ಚು. ಡಿಸ್ಕ್ ಟ್ರ್ಯಾಪ್ ಆದರೆ ಟಕ್ ಅಂತ ಬಿಟ್ಟು ಬಿಟ್ಟು ಬಡಿಯಬೇಕು. ನಿಲ್ಲದೆ ಟಕಟಕ ಅಂದರೆ ಡಿಸ್ಕ್ ಸವೆದಿದೆ. ಪೂರ್ತಿ ತಣ್ಣಗಿದ್ದರೆ ಟ್ರ್ಯಾಪಿಗೆ ಮೊದಲು ಬರುವ ಸ್ಟ್ರೇನರ್ ಜಾಲರಿ ಬಿಚ್ಚಿ ತೊಳೆ, ತುಕ್ಕು ಕಟ್ಟಿರುತ್ತದೆ. ಟ್ರ್ಯಾಪಿನ ಬಾಯಿಯಿಂದ ಬೆಳ್ಳಗೆ ಹೊಗೆ ಬಂತು ಅಂತ ಟ್ರ್ಯಾಪ್ ಕೆಟ್ಟಿದೆ ಅನ್ನಬೇಡ, ಬಿಸಿನೀರು ಹೊರಗೆ ಬಂದರೆ ಆವಿ ಏಳುವುದು ಸಹಜ. ಬಾಯಿಯ ಹತ್ತಿರ ಏನೂ ಕಾಣದೆ, ಸ್ವಲ್ಪ ದೂರದಲ್ಲಿ ಬೆಳ್ಳಗಾದರೆ ಅದು ಜೀವಂತ ಸ್ಟೀಮ್, ನೀರಾಗದೆ ಹಾಗೇ ಸೋರುತ್ತಿದೆ. ಅದು ಬಾಯ್ಲರಿಗೆ ಹಾಕಿದ ಕಟ್ಟಿಗೆಯ ದುಡ್ಡು.

ನಿನ್ನದು ಸುತ್ತುವ ಸಿಲಿಂಡರ್. ಒಳಗಿನ ನೀರು ಹೊರಗೆಳೆಯುವ ಸೈಫನ್ ಪೈಪಿನಲ್ಲಿ ಸ್ಟೀಮ್ ಸಿಕ್ಕಿಕೊಂಡರೆ ಟ್ರ್ಯಾಪ್ ಮುಚ್ಚಿಬಿಡುತ್ತದೆ, ನೀರು ಒಳಗೇ ನಿಲ್ಲುತ್ತದೆ. ಫ್ಲೋಟ್ ಟ್ರ್ಯಾಪಿನಲ್ಲಿ, ಹೀಗೆ ಸಿಕ್ಕಿಕೊಂಡ ಸ್ಟೀಮ್ ಲಾಕ್ ಬಿಡಿಸುವ ಸಣ್ಣ ಸೂಜಿ ವಾಲ್ವ್ ಇರುತ್ತದೆ, ಅದನ್ನು ಸ್ವಲ್ಪ ತೆರೆದಿಡು. ಎಲ್ಲ ಸಿಲಿಂಡರಿಗೂ ಒಂದೇ ಟ್ರ್ಯಾಪ್ ಹಾಕಿದ್ದರೆ ಮಾಲೀಕರಿಗೆ ಬಿಡಿಸಿ ಹೇಳು: ಒಂದೊಂದಕ್ಕೆ ಒಂದೊಂದು ಬೇಕೇ ಬೇಕು. ಟ್ರ್ಯಾಪ್ ತಪ್ಪಿಸಿ ಹೋಗುವ ಬೈಪಾಸ್ ಪೈಪ್ ತೆರೆದು ದಿನ ದೂಡುವುದು ಸುಮ್ನೆ ದುಡ್ಡು ಸುಟ್ಟಂತೆ.

ವಾಲ್ವ್ ಮಾತ್ರ ನಿಧಾನ ತೆರೆ. ಚಿಕ್ಕವನಿದ್ದಾಗ ನಾನು ಒಂದು ಮಿಲ್ಲಿನಲ್ಲಿ ಅವಸರದಿಂದ ಪೂರ್ತಿ ತಿರುಗಿಸಿದೆ. ಪೈಪಿನಲ್ಲಿ ನಿಂತಿದ್ದ ನೀರು ಸುತ್ತಿಗೆಯಂತೆ ಬಡಿದು ಗ್ಯಾಸ್ಕೆಟ್ ಹಾರಿತು. ಪಕ್ಕದಲ್ಲಿದ್ದ ಗೆಳೆಯನ ಮುಂಗೈ ಸುಟ್ಟಿತು. ಆ ಕಲೆ ಈಗಲೂ ಇದೆ, ಸಿಕ್ಕಾಗೆಲ್ಲ ನನ್ನ ಕಣ್ಣು ಅಲ್ಲೇ ಹೋಗುತ್ತದೆ. ಟ್ರ್ಯಾಪ್ ಬಿಚ್ಚುವಾಗ ಎರಡೂ ಕಡೆ ವಾಲ್ವ್ ಬಂದ್ ಮಾಡಿ, ಪ್ರೆಶರ್ ಇಳಿಸಿ, ತಣ್ಣಗಾಗಲು ಬಿಡು. ಯಾರು ಅವಸರ ಮಾಡಿದರೂ ಕೇಳಬೇಡ.

ನಾಳೆ ಸಂಜೆ ಫೋನ್ ಮಾಡು. ಸಿಲಿಂಡರಿನ ಯಾವ ತುದಿ ತಣ್ಣಗಿದೆ ಅಂತ ನೋಡಿಕೊಂಡು ಹೇಳು.

ನಿನ್ನ
ಕಾಕಾ